ಎಷ್ಟು ಗಂಟೆ ಕರೆಂಟ್ ಅನ್ನೋದು ಸರಿ, ಯಾವ ಗಂಟೆ ಅಂತ ಯಾರೂ ಕೇಳಲಿಲ್ಲ

ಪಂಪ್‌ಸೆಟ್ಟಿಗೆ ಯಾವ ಹೊತ್ತಿನಲ್ಲಿ ಕರೆಂಟ್ ಬಿಡಬೇಕು ಅಂತ ತೀರ್ಮಾನ ಮಾಡುವ ಇಂಧನ ಇಲಾಖೆಯವರಿಗೆ, ಕರೆಂಟ್ ಹಂಚುವ ಎಸ್ಕಾಂ ಕಂಪನಿಗಳ ಅಧಿಕಾರಿಗಳಿಗೆ ಮತ್ತು ವಿದ್ಯುತ್ ನಿಯಂತ್ರಣ ಆಯೋಗದ ಸದಸ್ಯರಿಗೆ,

ನಮಸ್ಕಾರ.

ನಾನು ಬಯಲುಸೀಮೆಯ ರೈತ ಹೆಂಗಸು. ನಮ್ಮದು ಬೋರ್‌ವೆಲ್ ನಂಬಿದ ಜಮೀನು. ಒಂದಷ್ಟು ಅಡಿಕೆ, ಪಕ್ಕದಲ್ಲಿ ಟೊಮೆಟೊ, ಮೆಣಸಿನಕಾಯಿ, ಮನೆ ಹಿಂದೆ ಹಸುಗಳು. ಕರೆಂಟ್ ವಿಷಯಕ್ಕೆ ರೈತರು ಅರ್ಜಿ ಬರೆದರೆ ಸಾಮಾನ್ಯವಾಗಿ ದಿನಕ್ಕೆ ಎಷ್ಟು ಗಂಟೆ ಕೊಡ್ತೀರಿ ಅಂತಲೇ ಕೇಳುತ್ತಾರೆ. ನಾನು ಕೇಳುತ್ತಿರೋದು ಯಾವ ಗಂಟೆಯಲ್ಲಿ ಕೊಡ್ತೀರಿ ಅಂತ. ನಡುರಾತ್ರಿ ತ್ರೀ ಫೇಸ್ ಬಿಟ್ಟಾಗ ಕರೆಂಟಿನ ಜೊತೆಗೆ ಒಂದು ಮನೆಯವರ ನಿದ್ದೆಯೂ ಖರ್ಚಾಗುತ್ತದೆ. ಯೂನಿಟ್ಟಿನ ಲೆಕ್ಕ ನಿಮ್ಮ ಹತ್ತಿರ ಇದೆ. ನಿದ್ದೆಯ ಲೆಕ್ಕ ಯಾರ ಹತ್ತಿರವೂ ಇಲ್ಲ.

ಪೇಟೆಯಲ್ಲಿ ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿ ಮನೆಗಳ ದೀಪ, ಫ್ಯಾನು ಸಿಂಗಲ್ ಫೇಸಿನಲ್ಲಿ ನಡೆಯುತ್ತವೆ. ನೀರೆತ್ತುವ ಮೋಟರಿಗೆ ತ್ರೀ ಫೇಸ್ ಬೇಕು. ಅದನ್ನು ದಿನಕ್ಕೆ ಏಳು ಗಂಟೆ ಕೊಡ್ತೀವಿ ಅನ್ನೋದು ಸರ್ಕಾರದ ಮಾತು. 2023ರ ಬರಗಾಲದಲ್ಲಿ ಅದು ಐದು ಗಂಟೆಗೆ ಇಳಿಯಿತು. ಊರೂರಲ್ಲಿ ಗಲಾಟೆ ಆದಮೇಲೆ ಮತ್ತೆ ಏಳು ಮಾಡಿದರು. ಆದರೆ ಏಳು ಗಂಟೆ ಒಟ್ಟಿಗೆ ಬರುತ್ತದೆ ಅಂತ ಇಲ್ಲ. ಎಷ್ಟೋ ಕಡೆ ಹಗಲು ಒಂದಿಷ್ಟು, ರಾತ್ರಿ ಒಂದಿಷ್ಟು. ಕೆಲವು ಕಡೆ ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ ಇವೆ. ರಾತ್ರಿ ಪಾಳಿ ಬಂದ ಊರಲ್ಲಿ ಪ್ರತಿ ಮೋಟರಿಗೂ ಒಬ್ಬರಾದರೂ ಎದ್ದಿರಲೇಬೇಕು.

ಪಾಳಿ ರಾತ್ರಿ ಒಂದರಿಂದ ನಾಲ್ಕು ಅಂತ ಇಟ್ಟುಕೊಳ್ಳಿ. ನನ್ನ ಗಂಡ ಹತ್ತು ಗಂಟೆಗೆ ಮಲಗುತ್ತಾರೆ. ಮೊಬೈಲಲ್ಲಿ ಅಲಾರಾಂ ಇಟ್ಟಿರುತ್ತಾರೆ, ಆದರೂ ಅದಕ್ಕಿಂತ ಮುಂಚೆಯೇ ಎರಡು ಸಲ ಎದ್ದು ಟೈಮ್ ನೋಡುತ್ತಾರೆ. ಒಂದಕ್ಕೆ ಟಾರ್ಚು, ಕೋಲು ಹಿಡಿದು ಹೊರಡುತ್ತಾರೆ. ಪಂಪ್ ಮನೆಯ ಬಾಗಿಲು ತೆಗೆದು ಮೊದಲು ನೋಡೋದು ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳನ್ನು. ಮೂರೂ ಉರಿದರೆ ಸರಿ. ಎರಡೇ ಉರಿದರೆ ಒಂದು ಫೇಸ್ ಇಲ್ಲ ಅಂತ ಅರ್ಥ, ಆಗ ಬಟನ್ ಒತ್ತಿದರೆ ಮೋಟರ್ ಸುಟ್ಟು ಹೋಗುತ್ತದೆ. ಹಾಗಾಗಿ ಅಲ್ಲೇ ಕಾಯಬೇಕು. ಮೂರೂ ಬಂದಮೇಲೆ ಹಸಿರು ಬಟನ್ ಒತ್ತಿ, ವೋಲ್ಟೇಜ್ ಮುಳ್ಳು ನೋಡಿ, ಆಂಪಿಯರ್ ಮುಳ್ಳು ನೋಡಿ, ಕಿವಿ ಕೊಟ್ಟು ನಿಲ್ಲುತ್ತಾರೆ. ಬೋರು ಆಳ ಇದೆ, ನೀರು ಮೇಲೆ ಬರೋಕೆ ಹೊತ್ತು ಹಿಡಿಯುತ್ತದೆ. ಮೊದಲು ಪೈಪಲ್ಲಿ ಬುಸ್ ಅಂತ ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಆಮೇಲೆ ಗೇಟ್‌ವಾಲ್ ತಿರುಗಿಸಿ ಒಂದು ಭಾಗಕ್ಕೆ ನೀರು ಬಿಟ್ಟು, ಗೊಬ್ಬರದ ಚೀಲ ಹಾಸಿಕೊಂಡು ಪಂಪ್ ಮನೆಯಲ್ಲೇ ಒರಗುತ್ತಾರೆ. ಗಂಟೆ, ಒಂದೂವರೆ ಗಂಟೆಗೆ ಮತ್ತೆ ಎದ್ದು ಇನ್ನೊಂದು ವಾಲ್ ತಿರುಗಿಸಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ನಾಲ್ಕೂವರೆಗೆ ಮನೆಗೆ ಬರುತ್ತಾರೆ. ಕಾಲು ತೊಳೆದು ಮಲಗುವಷ್ಟರಲ್ಲಿ ಹಾಲು ಕರೆಯೋ ಹೊತ್ತು. ಡೇರಿಗೆ ಹಾಲು ಹಾಕೋಕೆ ಅವರದೇ ಟೈಮ್ ಇದೆ, ನಮಗಾಗಿ ಕಾಯೋದಿಲ್ಲ.

ಇದು ಗಂಡಸರ ನಿದ್ದೆ ಮಾತ್ರ ಅಂದುಕೊಳ್ಳಬೇಡಿ. ಅವರು ತೋಟಕ್ಕೆ ಹೋದಮೇಲೆ ನನಗೆ ನಿದ್ದೆ ಎಲ್ಲಿಂದ ಬರಬೇಕು? ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಮಲಗಿರುತ್ತೇನೆ. ನಾಯಿ ಬೊಗಳಿದರೆ ಎದ್ದು ಕೂರುತ್ತೇನೆ. ಅವರು ಊರಲ್ಲಿ ಇಲ್ಲದ ದಿನ ನಾನೇ ಟಾರ್ಚ್ ಹಿಡಿದು ಹೋಗುತ್ತೇನೆ. ಮೆಣಸಿನ ಮಡಿಗಳಿಗೆ ನೀರು ಕಟ್ಟುವಾಗ ಒಬ್ಬರು ಗುದ್ದಲಿ ಹಿಡಿದರೆ ಇನ್ನೊಬ್ಬರು ಬೆಳಕು ಹಿಡಿಯಬೇಕು, ಹಾಗಾಗಿ ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ನೆರೆಮನೆಯ ಹುಡುಗ ಪಿಯುಸಿ ಓದುತ್ತಾನೆ. ಅವರಪ್ಪನಿಗೆ ಮಂಡಿ ನೋವು, ವಾಲ್ ತಿರುಗಿಸೋದು ಅವನ ಕೆಲಸ. ಕ್ಲಾಸಲ್ಲಿ ತೂಕಡಿಸುತ್ತಾನೆ ಅಂತ ಮೇಷ್ಟ್ರು ಅವರಮ್ಮನನ್ನು ಕರೆಸಿ ಹೇಳಿದರಂತೆ. ಆ ತಾಯಿ ಏನು ಉತ್ತರ ಕೊಡಬೇಕು ಹೇಳಿ.

ಮನೆಗಳಿಗೆ ಒಂದು ಲೈನ್, ಪಂಪ್‌ಸೆಟ್‌ಗೆ ಒಂದು ಲೈನ್ ಅಂತ ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರೆ ಮಾಡಿದಿರಿ. ಅದರಿಂದ ಮನೆಗಳಿಗೆ ಬಹಳ ಒಳ್ಳೆಯದಾಯಿತು. ಮಕ್ಕಳು ಬೆಳಕಲ್ಲಿ ಓದುತ್ತಿದ್ದಾರೆ, ಮಿಕ್ಸಿ ಓಡುತ್ತಿದೆ. ಇದನ್ನು ಯಾಕೆ ಹೇಳಿದೆ ಅಂದ್ರೆ, ಲೈನ್ ಬೇರೆ ಆಗಿದೆ ಅಂದಮೇಲೆ ಮನೆಗಳಿಗೆ ತೊಂದರೆ ಆಗದಂತೆ ಪಂಪಿನ ಹೊತ್ತನ್ನು ಬದಲಿಸೋಕೆ ದಾರಿ ಈಗಾಗಲೇ ಇದೆ. ಅದರ ಜೊತೆಗೆ ಒಂದು ಕಷ್ಟವೂ ಬಂತು. ಮೊದಲು ಮನೆ ಬಲ್ಬಿನ ಬೆಳಕು ನೋಡಿಯೇ ತ್ರೀ ಫೇಸ್ ಬಂತೋ ಇಲ್ಲವೋ ಹೇಳಿಬಿಡುತ್ತಿದ್ದೆವು. ಈಗ ತೋಟಕ್ಕೆ ಹೋಗಿ ನೋಡದೆ ಗೊತ್ತಾಗೋದಿಲ್ಲ.

ಇನ್ನು ನಿದ್ದೆಯ ವಿಷಯ. ದೊಡ್ಡವರಿಗೆ ರಾತ್ರಿ ಕಡೇ ಪಕ್ಷ ಏಳು ಗಂಟೆ ನಿದ್ದೆ ಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ಅದು ಒಟ್ಟಿಗೆ ಆಗಬೇಕು. ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ನಡೆಯುತ್ತದೆ. ಮೈ ಸುಧಾರಿಸಿಕೊಳ್ಳುವ ಗಾಢ ನಿದ್ದೆ ಜಾಸ್ತಿ ಬರೋದು ರಾತ್ರಿಯ ಮೊದಲ ಭಾಗದಲ್ಲಿ. ಕನಸು ಬೀಳುವ ನಿದ್ದೆ, ಅಂದ್ರೆ ನೆನಪಿಗೆ, ಮನಸ್ಸಿನ ಸಮಾಧಾನಕ್ಕೆ ಬೇಕಾದದ್ದು, ಜಾಸ್ತಿ ಬರೋದು ಬೆಳಗಿನ ಜಾವದಲ್ಲಿ. ಒಂದು ಗಂಟೆಗೆ ಎಬ್ಬಿಸಿ ನಾಲ್ಕೂವರೆಗೆ ಮಲಗಿಸಿದರೆ ಎರಡನೆಯದು ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಹೊಲದ ಬದಿಯ ಮನೆಗಳಲ್ಲಿ ಬೆಳಗ್ಗೆ ಬೆಳಗ್ಗೆ ಸುಮ್ನೆ ಸಿಡುಕೋದು, ಮಕ್ಕಳ ಮೇಲೆ ರೇಗೋದು ಯಾಕೆ ಅಂತ ನಾನು ಬಹಳ ವರ್ಷ ಯೋಚಿಸಿದ್ದೇನೆ. ಅದರಲ್ಲಿ ಅರ್ಧ ಈ ಪಾಳಿಯದ್ದೇ ಅಂತ ನನ್ನ ನಂಬಿಕೆ.

ವಾರ ವಾರ ಪಾಳಿ ಬದಲಿಸೋದು ಇದಕ್ಕಿಂತ ಕೆಟ್ಟದ್ದು. ನಮ್ಮ ಮೈಯೊಳಗೇ ಹಗಲು ರಾತ್ರಿ ತಿಳಿಸುವ ಗಡಿಯಾರ ಇದೆ. ಅದು ಜೀವಕೋಶದ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದದ್ದಕ್ಕೇ 2017ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಗಡಿಯಾರ ಬೇಗ ತಿರುಗೋದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊಂದಿಕೊಳ್ಳುತ್ತದೆ. ಒಂದು ವಾರ ಕಷ್ಟಪಟ್ಟು ರಾತ್ರಿಗೆ ಹೊಂದಿಕೊಳ್ಳುವ ಹೊತ್ತಿಗೆ ನೀವು ಹಗಲು ಪಾಳಿ ಕೊಡುತ್ತೀರಿ. ಹಗಲಿಗೆ ಹೊಂದಿಕೊಳ್ಳುವಾಗ ಮತ್ತೆ ರಾತ್ರಿ. ರಾತ್ರಿ ಪಾಳಿಯ ಕೆಲಸ ಕ್ಯಾನ್ಸರಿಗೆ ಕಾರಣ ಆಗುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಹೇಳಿದೆ, 2019ರಲ್ಲಿ ಮತ್ತೆ ಅದೇ ಮಾತು ಹೇಳಿತು. ಬೆಂಗಳೂರಿನ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡುವ ಮಕ್ಕಳಿಗೆ ಕ್ಯಾಬ್ ಬರುತ್ತದೆ, ಎಷ್ಟೋ ಕಡೆ ಮೇಲೆ ಭತ್ಯೆ ಕೊಡುತ್ತಾರೆ, ಮಾರನೇ ದಿನ ಮಲಗೋಕೆ ಬಿಡುತ್ತಾರೆ. ಅವರಿಗೂ ಕಷ್ಟ ಇದ್ದೇ ಇದೆ. ಆದರೆ ಅವರು ಪಾಳಿಯಲ್ಲಿ ಇದ್ದಾರೆ ಅಂತ ಕಾಗದದ ಮೇಲಾದರೂ ಬರೆದಿರುತ್ತದೆ. ರೈತ ರಾತ್ರಿ ಪಾಳಿ ಮಾಡುತ್ತಾನೆ ಅಂತ ಎಲ್ಲೂ ಬರೆದಿಲ್ಲ.

ನಿದ್ದೆಗೆಟ್ಟವರ ಕೈ ಎಷ್ಟು ನಂಬಬಹುದು ಅನ್ನೋದನ್ನೂ ಯೋಚಿಸಿ. 17 ಗಂಟೆ ಎಚ್ಚರ ಇದ್ದವರ ಚುರುಕುತನ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಇರುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಐದೂವರೆಗೆ ಎದ್ದ ರೈತನಿಗೆ ರಾತ್ರಿ ಹತ್ತೂವರೆಗೇ 17 ಗಂಟೆ ತುಂಬುತ್ತದೆ. ಮಲಗಿದರೆ ಎಚ್ಚರ ಆಗೋದಿಲ್ಲ ಅಂತ ಹೆದರಿ ಒಂದು ಗಂಟೆ ತನಕ ಕೂತೇ ಇರೋರು ನಮ್ಮೂರಲ್ಲಿ ಇದ್ದಾರೆ. ಆ ಸ್ಥಿತಿಯಲ್ಲಿ ಒದ್ದೆ ಕಾಲಲ್ಲಿ ನಿಂತು, ಒದ್ದೆ ಕೈಯಲ್ಲಿ 400 ವೋಲ್ಟಿನ ಸ್ಟಾರ್ಟರ್ ಮುಟ್ಟುತ್ತಾರೆ. ಬೆಳಗಾದರೆ ಟೊಮೆಟೊ ಕ್ರೇಟು ಹೇರಿಕೊಂಡು ಮಾರ್ಕೆಟ್ಟಿಗೆ ಗಾಡಿ ಓಡಿಸುತ್ತಾರೆ.

ಹಾವಿನ ಮಾತು ಹೇಳದೆ ಹೋದರೆ ಈ ಪತ್ರ ಅರ್ಧವೇ. ಕೊಳಕುಮಂಡಲ ಓಡಾಡೋದು ಜಾಸ್ತಿ ರಾತ್ರಿ. ಕಟ್ಟುಹಾವಂತೂ ರಾತ್ರಿಯದ್ದೇ, ಅದು ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗೋದಿಲ್ಲ. ಚೀಲ ಹಾಸಿಕೊಂಡು ನೆಲದ ಮೇಲೆ ಮಲಗಿದವರಿಗೆ ಇದಕ್ಕಿಂತ ದೊಡ್ಡ ಅಪಾಯ ಯಾವುದು? 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೇ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಆಸ್ಪತ್ರೆಗೆ ಬಂದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಬೇಕು. ಬಹಳ ಒಳ್ಳೆಯ ಕೆಲಸ, ಮನಸಾರೆ ಹೊಗಳುತ್ತೇನೆ. ಆದರೆ ಆರೋಗ್ಯ ಇಲಾಖೆ ಕಚ್ಚಿಸಿಕೊಂಡವರ ಪಟ್ಟಿ ಬರೆಯುತ್ತಿರುವಾಗ, ಅದೇ ಸರ್ಕಾರದ ಇನ್ನೊಂದು ಇಲಾಖೆ ಜನರನ್ನು ಆ ಹೊತ್ತಿನಲ್ಲಿ ಹೊಲಕ್ಕೆ ಕಳಿಸುತ್ತಿದೆ. ನೀವಿಬ್ಬರೂ ಒಂದು ಸಲ ಕೂತು ಮಾತಾಡಿ. ಯಾವ ಹೊತ್ತಿನಲ್ಲಿ ಕಚ್ಚಿತು, ನೀರು ಹಾಯಿಸುವಾಗ ಕಚ್ಚಿತಾ ಅಂತ ಆ ಫಾರಮ್ಮಿನಲ್ಲಿ ಕೇಳಿ, ಆ ಉತ್ತರವನ್ನು ಫೀಡರ್, ಅಂದ್ರೆ ಸಬ್‌ಸ್ಟೇಷನ್ನಿಂದ ನಮ್ಮ ಕಡೆಗೆ ಕರೆಂಟ್ ತರುವ ಲೈನಿನ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಹಾಸನ, ಕೊಡಗು, ಚಾಮರಾಜನಗರದ ಕಡೆಯವರಿಗೆ ಆನೆ. ಮೈಸೂರು ಕಡೆ ಚಿರತೆ. 2022ರ ಕೊನೆಯಲ್ಲಿ, 2023ರ ಶುರುವಿನಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಅಂಥ ಊರುಗಳಲ್ಲಿ ಕತ್ತಲಲ್ಲಿ ತೋಟಕ್ಕೆ ಹೋಗಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಕರೆಂಟಿನ ಪಾಳಿ ಬಾಯಿಬಿಡದೆ ಹೇಳುವುದು ಅದನ್ನೇ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು, ಕರೆಂಟ್ ಫ್ರೀ ಅಲ್ವಾ, ಫ್ರೀ ಕೊಟ್ಟಮೇಲೆ ಹೊತ್ತು ಗೊತ್ತು ಕೇಳಬಾರದು ಅನ್ನೋದು. ಹೌದು, 2008ರಿಂದ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. ಅದರ ಹಣ ಸರ್ಕಾರ ಕಟ್ಟುತ್ತದೆ, ಅಂದ್ರೆ ಎಲ್ಲರ ತೆರಿಗೆ ಹಣ. ಆ ಋಣ ನಮಗೆ ಇದೆ. ಆ ಕರೆಂಟಿಂದ ಬೆಳೆದ ತರಕಾರಿ, ಬಾಳೆ ಎಲ್ಲರ ಮನೆಗೂ ಹೋಗುತ್ತದೆ. ಸರ್ಕಾರಿ ಶಾಲೆಯಲ್ಲಿ ಫೀಸ್ ಇಲ್ಲ ಅಂತ ಪಾಠ ನಡುರಾತ್ರಿ ಮಾಡುತ್ತೇವಾ? ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ರಾತ್ರಿ ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ನೆಮ್ಮದಿಯ ನಿದ್ದೆ ಕೂಡ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಹೇಳಿದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕ್ ಹಾಕಬಾರದು ಅಂತ ಕಾನೂನು ಇದೆ. ಪೇಟೆಯವರ ನಿದ್ದೆಗೆ ಇರುವ ಬೆಲೆ ನಮ್ಮದಕ್ಕೂ ಇರಲಿ.

ಎರಡನೆಯದು, ಆಟೋ ಸ್ಟಾರ್ಟರ್ ಹಾಕಿಕೊಳ್ಳಿ ಅನ್ನೋದು. ತಮಾಷೆ ಮಾತಲ್ಲ ಇದು, ನಮ್ಮ ಸಂಬಂಧಿಕರೇ ಹೇಳುತ್ತಾರೆ. ಆದರೆ ಕರೆಂಟ್ ಬಂದ ಕ್ಷಣ ಒಂದು ಟಿಸಿಯ, ಅಂದ್ರೆ ಟ್ರಾನ್ಸ್‌ಫಾರ್ಮರಿನ ಕೆಳಗಿನ ಎಲ್ಲ ಮೋಟರುಗಳೂ ಒಟ್ಟಿಗೆ ಸ್ಟಾರ್ಟ್ ಆದರೆ ಏನಾಗುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಸ್ಟಾರ್ಟ್ ಆಗುವಾಗ ಮೋಟರ್ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಟಿಸಿ ಸುಡುತ್ತದೆ. ಅದಕ್ಕೇ ನಿಮ್ಮ ಇಲಾಖೆಯವರೇ ಆಟೋ ಸ್ಟಾರ್ಟರ್ ಬೇಡ ಅನ್ನುತ್ತಾರೆ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇದೆ, ಅದಕ್ಕೆ ಸಾವಿರಾರು ರೂಪಾಯಿ ಬೇಕು, ತೋಟದಲ್ಲಿ ನೆಟ್‌ವರ್ಕ್ ಬೇಕು. ಎರಡೂ ಇದ್ದರೂ ಅದು ಗೇಟ್‌ವಾಲ್ ತಿರುಗಿಸೋದಿಲ್ಲ, ಬದು ಒಡೆದರೆ ಮಣ್ಣು ಹಾಕೋದಿಲ್ಲ. ಯಾರೂ ಎದ್ದು ಹೋಗದೆ ಮೋಟರ್ ತಾನಾಗಿ ಓಡಿದ ರಾತ್ರಿ ನೀರು ಒಂದೇ ಮಡಿಯಲ್ಲಿ ತುಂಬಿ ಪಕ್ಕದ ದಾರಿಗೆ ಹರಿದಿರುತ್ತದೆ. ನೂರಾರು ಅಡಿ ಆಳದಿಂದ ಎತ್ತಿದ ನೀರು ಅದು.

ಮೂರನೆಯದನ್ನು ಓದಿದವರು ಹೇಳುತ್ತಾರೆ. ಹಳ್ಳಿಯವರು ಪೇಟೆಯವರಿಗಿಂತ ಜಾಸ್ತಿ ಮಲಗುತ್ತಾರೆ ಅಂತ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಹಳ್ಳಿಯವರು ನಿದ್ದೆಗೆ ದಿನಕ್ಕೆ ಸರಾಸರಿ ಒಂಬತ್ತು ಗಂಟೆಗೂ ಜಾಸ್ತಿ ಕೊಡುತ್ತಾರೆ ಅಂತ ಬಂದಿದೆ. ಆ ಸಮೀಕ್ಷೆಯನ್ನು ನಾನು ಹಗುರ ಮಾಡೋದಿಲ್ಲ. ಆದರೆ ಅದು ಎಲ್ಲ ಹಳ್ಳಿಗರ, ಆರು ವರ್ಷ ತುಂಬಿದ ಮಕ್ಕಳಿಂದ ಮುದುಕರವರೆಗಿನವರ, ಎಲ್ಲ ತಿಂಗಳ ಸರಾಸರಿ. ಹಾಸಿಗೆಯಲ್ಲಿ ಬಿದ್ದುಕೊಂಡಿರೋದೂ ಅದರಲ್ಲಿ ಸೇರುತ್ತದೆ. ಪಾಳಿ ವಾರದಲ್ಲಿ ಪಂಪ್ ಮನೆಯಲ್ಲಿ ಒರಗಿದ ಗಂಟೆ, ಮಧ್ಯಾಹ್ನ ಹಲಸಿನ ಮರದ ಕೆಳಗೆ ಕಣ್ಣು ಮುಚ್ಚಿದ ಅರ್ಧ ಗಂಟೆ, ಎಲ್ಲ ಕೂಡಿದರೆ ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ. ಅದರಲ್ಲಿ ಎಷ್ಟು ತುಂಡು ಇತ್ತು ಅಂತ ಆ ಸಂಖ್ಯೆ ಹೇಳೋದಿಲ್ಲ. ಮಧ್ಯಾಹ್ನ ಮಲಗಿದ್ದನ್ನು ನೋಡಿದ ದಾರಿಹೋಕರು ರೈತ ಸೋಮಾರಿ ಅಂದುಕೊಂಡು ಹೋಗುತ್ತಾರೆ.

ನಾಲ್ಕನೆಯದೇ ನಿಜವಾದ ಉತ್ತರ. ಹಗಲು ಫ್ಯಾಕ್ಟರಿ, ಆಫೀಸುಗಳಿಗೆ ಕರೆಂಟ್ ಜಾಸ್ತಿ ಬೇಕು, ರಾತ್ರಿ ಬೇಡಿಕೆ ಇಳಿಯುತ್ತದೆ. ಕಲ್ಲಿದ್ದಲು ಘಟಕಗಳನ್ನು ಆರಿಸಿ ಹಚ್ಚೋಕೆ ಆಗೋದಿಲ್ಲ, ಹಾಗಾಗಿ ರಾತ್ರಿ ಉಳಿದ ಕರೆಂಟನ್ನು ಪಂಪ್‌ಸೆಟ್ಟಿಗೆ ಬಿಡುತ್ತೇವೆ. ಈ ಮಾತು ಒಂದು ಕಾಲಕ್ಕೆ ಸರಿ ಇತ್ತು, ನಾನು ಒಪ್ಪುತ್ತೇನೆ. ಈಗ ಕಾಲ ಬದಲಾಗಿದೆ. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ನಿಂತಿದೆ. ಆ ಭೂಮಿ ಕೊಟ್ಟವರು ನಮ್ಮಂಥ ರೈತರೇ. ರಾಜ್ಯದ ಬೇರೆ ಕಡೆಯೂ ಸೋಲಾರ್ ಬಂದಿದೆ. ಅದೆಲ್ಲ ಕರೆಂಟ್ ಕೊಡೋದು ಹಗಲಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ ಬಿಸಿಲು ಹೊತ್ತಿನ ಕರೆಂಟಿಗೆ ದರ ಕಡಿಮೆ ಇರಬೇಕು, ಸಂಜೆಯ ಹೊತ್ತಿಗೆ ಜಾಸ್ತಿ ಇರಬೇಕು ಅಂತ ಇದೆ. ಅಂದ್ರೆ ಹಗಲಲ್ಲೇ ಬಳಸಿ ಅಂತ ಫ್ಯಾಕ್ಟರಿಯವರಿಗೆ ಹೇಳುತ್ತಿದ್ದೀರಿ. ನಮಗೆ ಮಾತ್ರ ಯಾಕೆ ಹಳೇ ಪಾಳಿ?

ನಮಗೆ ನೀರು ಜಾಸ್ತಿ ಬೇಕಾಗೋದು ಜನವರಿಯಿಂದ ಮೇ ತನಕ. ಬಿಸಿಲು ಜೋರಾಗಿರೋದೂ ಆವಾಗಲೇ. ಮೋಡ ಕವಿದ ದಿನಗಳಲ್ಲಿ ಸೋಲಾರ್ ಕಡಿಮೆ ಆಗುತ್ತದೆ, ಆದರೆ ಆ ದಿನಗಳಲ್ಲಿ ನಮಗೂ ನೀರು ಅಷ್ಟಾಗಿ ಬೇಡ. ಬೆಳೆಗೂ ಬಿಸಿಲಿಗೂ ಇಷ್ಟು ಹೊಂದಾಣಿಕೆ ತಾನಾಗಿ ಇರುವಾಗ ಅದನ್ನು ಬಿಟ್ಟು ಕತ್ತಲನ್ನು ಹಿಡಿದುಕೊಂಡಿದ್ದೀರಿ.

ಆಗದ ಕೆಲಸವನ್ನು ಕೇಳುತ್ತಿಲ್ಲ. ಮಹಾರಾಷ್ಟ್ರ 2017ರಲ್ಲೇ ಕೃಷಿ ಫೀಡರುಗಳಿಗೆ ಸೋಲಾರ್ ಕೊಡುವ ಯೋಜನೆ ಶುರು ಮಾಡಿತು. ಗುಜರಾತ್ 2020ರಲ್ಲಿ ರೈತರಿಗೆ ಹಗಲಲ್ಲೇ ಕರೆಂಟ್ ಅಂತ ಕಿಸಾನ್ ಸೂರ್ಯೋದಯ ಯೋಜನೆ ತಂದಿತು. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರ ಸಣ್ಣ ಸೋಲಾರ್ ಘಟಕ ಹಾಕಿ ಇಡೀ ಫೀಡರಿಗೆ ಹಗಲು ಕರೆಂಟ್ ಕೊಡೋಕೆ ಅವಕಾಶ ಇದೆ. ನಮ್ಮ ರಾಜ್ಯದಲ್ಲೂ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಅದಕ್ಕೆ ಚಾಲನೆ ಕೊಟ್ಟಿದ್ದೀರಿ. ಆ ಫೀಡರುಗಳ ಜನ ಹಗಲಲ್ಲಿ ನೀರು ಹಾಯಿಸಿ ರಾತ್ರಿ ಮನೆಯಲ್ಲಿ ಮಲಗಲಿ, ನಮಗೆ ಸಂತೋಷವೇ. ಮಿಕ್ಕವರ ಸರದಿ ಯಾವಾಗ?

ನಮ್ಮ ಕೋರಿಕೆ ಇಷ್ಟು. ಪಂಪ್‌ಸೆಟ್‌ನ ತ್ರೀ ಫೇಸ್ ಪೂರ್ತಿ ಹಗಲಿಗೆ ಬರಬೇಕು. ಆನೆ, ಚಿರತೆ ಓಡಾಡುವ ತಾಲ್ಲೂಕುಗಳಿಗೆ ಮೊದಲು ಕೊಡಿ, ನಾವು ಹಿಂದೆ ನಿಲ್ಲುತ್ತೇವೆ. ಹಗಲು ಕರೆಂಟ್ ಬರೋ ತನಕ ರಾತ್ರಿ ಹತ್ತರಿಂದ ಬೆಳಗ್ಗೆ ನಾಲ್ಕರ ನಡುವೆ ಪಾಳಿ ಶುರು ಮಾಡಬೇಡಿ. ರಾತ್ರಿ ಕೊಡಲೇಬೇಕು ಅಂದ್ರೆ ಹತ್ತರೊಳಗೆ ಮುಗಿಸಿ, ಇಲ್ಲ ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ. ನಾಲ್ಕಕ್ಕೆ ಏಳೋದು ನಮಗೆ ಹೊಸದಲ್ಲ, ಬೇಗ ಮಲಗಿ ಎದ್ದುಬಿಡುತ್ತೇವೆ. ವಾರ ವಾರ ಬದಲಿಸೋದನ್ನು ನಿಲ್ಲಿಸಿ, ಒಂದು ಹೊತ್ತು ಅಂದಮೇಲೆ ಬೆಳೆ ಮುಗಿಯೋ ತನಕ ಅದೇ ಇರಲಿ. ಲೈನ್ ಕೆಟ್ಟು ಪಾಳಿ ತಪ್ಪಿದರೆ ಒಂದು ಮೆಸೇಜ್ ಕಳಿಸಿ. ಬಾರದ ಕರೆಂಟಿಗೆ ಪಂಪ್ ಮನೆಯಲ್ಲಿ ಕಾದು ಕೂರೋದಕ್ಕಿಂತ ಬೇಜಾರು ಇನ್ನೊಂದಿಲ್ಲ. ನಮ್ಮ ಪವರ್‌ಮ್ಯಾನ್ ಹುಡುಗರನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ. ರಾತ್ರಿ ಫ್ಯೂಸ್ ಹೋದರೆ ಕಂಬ ಹತ್ತೋರು ಅವರೇ, ಅವರಿಗೂ ಮನೆ ಇದೆ, ನಿದ್ದೆ ಇದೆ.

ಆಯೋಗದವರಿಗೆ ಬೇರೆಯಾಗಿ ಒಂದು ಮಾತು. ದರ ಪರಿಷ್ಕರಣೆ ಅಂತ ನೀವು ಸಾರ್ವಜನಿಕ ವಿಚಾರಣೆ ನಡೆಸುತ್ತೀರಿ. ಎಸ್ಕಾಂನವರು ನಷ್ಟದ ಲೆಕ್ಕ, ಸೋರಿಕೆಯ ಲೆಕ್ಕ ಎಲ್ಲ ತಂದು ಇಡುತ್ತಾರೆ. ಮುಂದಿನ ಸಲ ಇನ್ನೊಂದು ಪಟ್ಟಿ ಕೇಳಿ. ಯಾವ ಕೃಷಿ ಫೀಡರಿಗೆ ಯಾವ ತಿಂಗಳು ಯಾವ ಹೊತ್ತಿನಲ್ಲಿ ತ್ರೀ ಫೇಸ್ ಕೊಟ್ಟಿರಿ, ಅದರಲ್ಲಿ ರಾತ್ರಿ ಹತ್ತರಿಂದ ನಾಲ್ಕರ ನಡುವೆ ಎಷ್ಟು ಗಂಟೆ, ಆ ಫೀಡರ್ ಯಾವ ತಿಂಗಳು ಹಗಲಿಗೆ ಬರುತ್ತದೆ. ಪಟ್ಟಿ ಕನ್ನಡದಲ್ಲಿ ಇರಲಿ, ಫೀಡರ್ ನಂಬರಿನ ಜೊತೆ ಊರ ಹೆಸರೂ ಇರಲಿ. ಗ್ರಾಮ ಪಂಚಾಯಿತಿ ಬೋರ್ಡಿಗೆ, ಹಾಲಿನ ಡೇರಿ ಗೋಡೆಗೆ ಅಂಟಿಸಿ. ಮಳೆಗಾಲದಲ್ಲಿ ಮೋಟರ್ ಹೊರೆ ಕಡಿಮೆ ಇರುತ್ತದೆ, ಪಟ್ಟಿ ಮಾಡೋಕೆ ಅದೇ ಸರಿಯಾದ ಹೊತ್ತು. ಜನವರಿಯಲ್ಲಿ ಮೋಟರ್ ಶುರು ಆಗುವ ಮುಂಚೆ ಅದು ನಮ್ಮ ಕೈಗೆ ಬರಬೇಕು.

ಇಂತಿ,
ಬೋರ್‌ವೆಲ್ ನಂಬಿ ಬದುಕುವ ಒಬ್ಬ ರೈತ ಮಹಿಳೆ